ಮಾತು ಬಿಟ್ಟ ಒಂಬತ್ತು ದಿನ

ಎಂಟು ಗಂಟೆಯಿಂದ ಅವನು ತಾನು ಕೆಲಸ ಮಾಡುವ ಆಸ್ಪತ್ರೆಯ ಎದುರಿನ ಸಣ್ಣ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದ. ಕೂತಿರಲು ತಕ್ಕ ಕಾರಣವೇನೂ ಇರಲಿಲ್ಲ. ಆಫೀಸಿನಲ್ಲಿ ತುರ್ತು ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಬಂದಿದ್ದ. ತಂಗಿಯನ್ನು ಬಸ್ಸು ಹತ್ತಿಸಿ ಬರಬೇಕು, ಹನ್ನೊಂದಾಗುತ್ತದೆ ಎಂದು ಆಫೀಸಿನಲ್ಲಿ ನಿನ್ನೆಯೇ ಹೇಳಿದ್ದ. ಎರಡು ಸುಳ್ಳುಗಳನ್ನು ಅಕ್ಕಪಕ್ಕ ಇಟ್ಟರೆ ನಡುವೆ ಮೂರು ಗಂಟೆಯಷ್ಟು ಅಗಲದ ಸಂದು ಉಳಿಯುತ್ತಿತ್ತು. ಆ ಸಂದಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಐವತ್ತೊಂದು ವರ್ಷದ, ಅರ್ಧ ತಲೆ ನರೆತ ಮನುಷ್ಯ. ಪರಿಚಯದ ಮುಖ ಯಾವುದಾದರೂ ಗೇಟಿನ ಹತ್ತಿರ ಕಂಡರೆ ಬೂಟಿನ ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗುತ್ತಿದ್ದ. ನಾಲ್ಕು ಸಲ ಬಗ್ಗಿ ಎದ್ದ ಮೇಲೆ ಲೇಸು ಬಿಚ್ಚಲಾರದ ಗಂಟಾಗಿತ್ತು. ಈ ಹೊತ್ತಿಗೆ ತಾನು ಎಲ್ಲಿದ್ದೇನೆ ಎಂಬುದು ಲೋಕದಲ್ಲಿ ಒಬ್ಬರಿಗೂ ಗೊತ್ತಿಲ್ಲ ಎಂದು ಹೊಳೆದಾಗ ಮೊದಲು ಹಗುರವಾಯಿತು, ಆಮೇಲೆ ಕೈ ಜೇಬಿನ ಫೋನಿಗೆ ಹೋಯಿತು. ಫೋನು ಮಾಡಿ ಯಾರಿಗಾದರೂ ಹೇಳಿಬಿಡೋಣವೆಂದರೆ ಅದೂ ಆಗದು. ಹಳೆಯ ಫೋನು ನಿನ್ನೆ ಸಂಜೆ ಬಚ್ಚಲ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಅಂಗಡಿಯವನು ಕೊಟ್ಟ ಹೊಸದರಲ್ಲಿ ಇವನ ನಂಬರು ಹಾಗೇ ಉಳಿದಿದ್ದರೂ ಉಳಿದವರ ಹೆಸರುಗಳು ಒಂದೂ ಬಂದಿರಲಿಲ್ಲ. ಹೊಟ್ಟೆಪಾಡಿಗೆ ಲಕ್ಷಾಂತರ ಜನರ ಚಿತ್ರಗಳನ್ನು ಜೋಪಾನ ಮಾಡುವವನಿಗೆ ಒಡಹುಟ್ಟಿದವರ ನಂಬರು ಬಾಯಿಗೆ ಬರುತ್ತಿರಲಿಲ್ಲ.

ತಂಗಿಗೆ ನಲವತ್ತನಾಲ್ಕು. ಶಾಲೆಯಲ್ಲಿ ಚಿತ್ರ ಕಲಿಸುತ್ತಾಳೆ. ಬೇರೆ ಊರಿನ ಶಾಲೆಯೊಂದು ಕರೆದಿದೆ, ಮನೆಯನ್ನೂ ಅವರೇ ಕೊಡುತ್ತಾರೆ ಎಂದು ತಿಂಗಳ ಹಿಂದೆ ಅವಳು ಹೇಳಿದಾಗ ಅವನು ಪತ್ರಿಕೆಯಿಂದ ತಲೆ ಎತ್ತದೆ, "ಹೋಗೋರನ್ನ ಯಾರು ಹಿಡ್ಕೊಂಡಿದಾರೆ," ಎಂದಿದ್ದ. ಹೇಳಬೇಕೆಂದಿದ್ದು ಅದಲ್ಲ. ಹೇಳಬೇಕೆಂದಿದ್ದು ಏನು ಎಂದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆಡಿದ ಮಾತು ಒಡೆದ ಮುತ್ತು ಎನ್ನುತ್ತಾರೆ. ಅವನದು ಮುತ್ತೂ ಆಗಿರಲಿಲ್ಲ. ಅವಳು ಒಂದು ಕ್ಷಣ ನಿಂತಿದ್ದು, ಪತ್ರಿಕೆಯ ಅಂಚಿನ ಕೆಳಗೆ ಅವಳ ಪಾದಗಳು ಕಂಡಿದ್ದು, ಆ ಪಾದಗಳು ಆಮೇಲೆ ತಿರುಗಿದ್ದು ನೆನಪಿದೆ. ಇವತ್ತು ಬೆಳಿಗ್ಗೆ ನಡುಮನೆಯಲ್ಲಿ ಎರಡು ಸೂಟ್‌ಕೇಸು, ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆ. ಅವಳು ಅವನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. "ಇಷ್ಟು ಬೇಗ ಹೊರಟ್ಯಾ ಅಣ್ಣ? ಬಸ್ಸು ಹತ್ತಕ್ಕೆ," ಎಂದಳು. "ಕೆಲಸ," ಎಂದು ಹೇಳಿ ಅವನು ಬಾಗಿಲು ದಾಟಿದ್ದ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೈ ಬೀಸುವುದು, ಕಿಟಕಿ, ಅವಳ ಮುಖ, ಇವೆಲ್ಲವನ್ನೂ ಬೆಂಚಿನ ಮೇಲೆ ಕೂತು ತಪ್ಪಿಸಿಕೊಳ್ಳಬಹುದು ಎಂದುಕೊಂಡಿದ್ದ. ತಪ್ಪಿಸಿಕೊಳ್ಳಲು ಆಗಲಿಲ್ಲ, ಕೂತಲ್ಲಿಗೇ ಬಂದವು.

ಆಫೀಸಿನಲ್ಲಿ ಅವನನ್ನು ಎಲ್ಲರೂ ಉಗ್ರಾಣಿ ಎನ್ನುತ್ತಿದ್ದರು, ಎದುರಿಗೇ. ಆಸ್ಪತ್ರೆಯ ಮೂರನೇ ಮಹಡಿಯ ತಣ್ಣನೆಯ ಕೋಣೆಯಲ್ಲಿ ಆಳೆತ್ತರದ ಕಬ್ಬಿಣದ ಕಪಾಟು, ಅದರೊಳಗೆ ತೊಂಬತ್ತಾರು ಡಿಸ್ಕುಗಳು. ಇಲ್ಲಿಗೆ ಬಂದ ಪ್ರತಿಯೊಬ್ಬರ ಮೂಳೆ, ಶ್ವಾಸಕೋಶ, ಮಿದುಳಿನ ಚಿತ್ರಗಳು ಆ ಉಗ್ರಾಣದಲ್ಲಿದ್ದವು. ಚಿತ್ರ ಇಡುವುದು ದೊಡ್ಡ ಮಾತಲ್ಲ. ಎಲ್ಲಿಟ್ಟೆ ಎಂಬುದನ್ನು ಇಟ್ಟುಕೊಳ್ಳುವುದು ದೊಡ್ಡ ಮಾತು. ಆ ಪಟ್ಟಿಗೆ ಮೆಟಾಡೇಟಾ ಎನ್ನುತ್ತಾರೆ. ಪಟ್ಟಿ ಕೆಟ್ಟರೆ ಚಿತ್ರಗಳು ಎಲ್ಲಿಗೂ ಹೋಗಿರುವುದಿಲ್ಲ, ಅಲ್ಲೇ ಇರುತ್ತವೆ, ಆದರೆ ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗುತ್ತದೆ. ಡಿಸ್ಕುಗಳನ್ನು ಆಳಲು ಎರಡು ಕಂಟ್ರೋಲರುಗಳಿದ್ದವು. ಒಂದು ಹೋದರೆ ಇನ್ನೊಂದು ಇರಲಿ ಎಂದು ಎರಡು. ಅವುಗಳಿಗೆ ಅಕ್ಕ, ತಂಗಿ ಎಂದು ಹೆಸರಿಟ್ಟು ಚೀಟಿ ಅಂಟಿಸಿದವನು ಅವನೇ. ಹೊಸ ಯಂತ್ರ ಬಂದಾಗ ಆಡಳಿತ ಮಂಡಳಿಯವರಿಗೆ ಅದನ್ನು ವಿವರಿಸಬೇಕಾಗಿ ಬಂದು, ಬಾಯಿ ಒಣಗಿ, ಗೊತ್ತಿದ್ದ ಇಂಗ್ಲಿಷೆಲ್ಲ ಮರೆತುಹೋಗಿ, ತನ್ನ ಮನೆಯನ್ನೇ ಹೇಳಿಬಿಟ್ಟಿದ್ದ. "ನಮ್ಮನೇಲಿ ಅಕ್ಕ ಇದಾಳೆ, ತಂಗಿ ಇದಾಳೆ. ಅಡಿಗೆಮನೆ, ಕಾಗದಪತ್ರ ಅಕ್ಕಂದು. ಬಟ್ಟೆ, ಔಷಧಿ, ಸಾಮಾನು ತಂಗೀದು. ಅವಳ ಬೀರು ಇವಳು ಮುಟ್ಟಲ್ಲ, ಕೇಳ್ತಾಳೆ. ಇಬ್ರೂ ಒಂದೇ ಖಾನೆಗೆ ಕೈ ಹಾಕಿದ್ರೆ ತಾನೆ ಜಗಳ? ಆದ್ರೆ ಏನನ್ನ ಎಲ್ಲಿಟ್ಟೆ ಅಂತ ಒಬ್ಬಳು ಇನ್ನೊಬ್ಬಳಿಗೆ ಹೇಳ್ತಾಳೆ. ಅವಳು 'ಆಯ್ತು' ಅಂದ್ಮೇಲೇ ಆ ಕೆಲಸ ಮುಗೀತು ಅಂತ ಲೆಕ್ಕ. ನಾಳೆ ಒಬ್ಬಳು ಮಲಗಿದ್ರೂ ಮನೆ ನಡೆಯುತ್ತೆ." ಮಂಡಳಿಯವರು ನಕ್ಕಿದ್ದರು. ಯಂತ್ರ ಮಂಜೂರಾಯಿತು, ಹೆಸರೂ ನಿಂತಿತು. ಆರು ತಿಂಗಳ ಹಿಂದೆ ಒಂದು ಸಲ ತಂಗಿ ಕೆಟ್ಟು ನಿಂತಾಗ ಡ್ಯೂಟಿಯಲ್ಲಿದ್ದ ಗುಂಡು, ಅವನು ಹೆಸರಿಗೆ ತಕ್ಕ ದೇಹದವನು, ಮೆಸೇಜು ಕಳಿಸಿದ್ದ: "ತಂಗಿ ಹೋದ್ಲು ಸಾರ್. ಅಕ್ಕ ನೋಡ್ಕೋತಿದಾಳೆ." ಅವತ್ತು ಒಂದು ಚಿತ್ರವೂ ತಪ್ಪಿರಲಿಲ್ಲ.

ಈಗ ಹಾಗಿರಲಿಲ್ಲ, ಮತ್ತು ಅದು ಅವನೊಬ್ಬನಿಗೇ ಗೊತ್ತಿತ್ತು. ಹಳೆಯ ಯಂತ್ರದಲ್ಲಿದ್ದ ಹತ್ತು ವರ್ಷದ ಚಿತ್ರಗಳನ್ನು ಇದಕ್ಕೆ ಸಾಗಿಸುವ ಕೆಲಸ ಬಂದಿತ್ತು. ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರೀ ಮೇಡಂ, ಹತ್ತು ದಿನವೆಂದು ಮಂಡಳಿಗೆ ಮಾತು ಕೊಟ್ಟಿದ್ದರು. ಶುರು ಮಾಡಿ ನೋಡಿದರೆ ಇಪ್ಪತ್ತಾರು ದಿನ ಹಿಡಿಯುವ ಹಾಗಿತ್ತು. ಒಂದೊಂದು ಚಿತ್ರ ಬಂದಾಗಲೂ ತಂಗಿ ಅದನ್ನು ಪೂರ್ತಿ ಅಕ್ಕನಿಗೆ ತೋರಿಸಿ ಎಲ್ಲಿಟ್ಟೆ ಎಂದು ಹೇಳಬೇಕು, ಅಕ್ಕ ಆಯ್ತು ಅನ್ನಬೇಕು, ಅಕ್ಕನದಾದರೆ ತಂಗಿ ಅನ್ನಬೇಕು. ದುಡಿಮೆಗಿಂತ ಮಾತೇ ಹೆಚ್ಚಾಗಿತ್ತು. ಆರನೇ ದಿನ ಅವನು ಆ ಮಾತನ್ನು ನಿಲ್ಲಿಸಿದ. ಒಂದು ಪರದೆ, ಅದರಲ್ಲಿ ಪಕ್ಕಕ್ಕೆ ಎಳೆದರೆ ಮಾತು ನಿಲ್ಲಿಸುವ ಒಂದು ಗೀಟು, ಎರಡು ಸಲ 'ಖಂಡಿತವೇ?' ಎಂದು ಯಂತ್ರ ಕೇಳಿದ್ದು, ಎರಡು ಸಲವೂ ಅವನು ಹೌದೆಂದದ್ದು. ಮನಸ್ಸಿನಲ್ಲೇ, ಇಬ್ಬರಿಗೂ ಮಾತು ಬಿಡಿಸಿದೆ, ಎಂದು ನಕ್ಕಿದ್ದ. ನಾಲ್ಕೇ ದಿನದಲ್ಲಿ ಸಾಗಣೆ ಮುಗಿಯಿತು. ಮುಗಿದ ತಕ್ಷಣ ಮತ್ತೆ ಮಾತಾಡಿಸಬೇಕಿತ್ತು. ಆದರೆ ಅವತ್ತು ಮೀಟಿಂಗಿನಲ್ಲಿ ಮೇಡಂ ಎದ್ದು ನಿಂತು, "ನಮ್ಮ ಉಗ್ರಾಣಿಗಳ ಕೈಚಳಕ ನೋಡಿ, ಚಿತ್ರ ಈಗ ಕಣ್ಣು ಮಿಟುಕಿಸೋದ್ರಲ್ಲಿ ಬರುತ್ತೆ," ಎಂದು ಚಪ್ಪಾಳೆ ತಟ್ಟಿಸಿದರು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಅವನಿಗೆ ಬಿದ್ದ ಮೊದಲ ಚಪ್ಪಾಳೆ. ಮಾತಾಡಿಸಿದರೆ ಯಂತ್ರ ಮತ್ತೆ ನಿಧಾನವಾಗುತ್ತದೆ, ಯಾಕೆ ಎಂದು ಕೇಳುತ್ತಾರೆ, ಆ ವೇಗ ಕೈಚಳಕದ್ದಲ್ಲ ಎಂದು ತಿಳಿಯುತ್ತದೆ. ನಾಳೆ ಮಾಡೋಣ ಎಂದುಕೊಂಡ. ನಾಳೆಗಳು ಸೇರಿ, ಮಾತು ಬಿಡಿಸಿದಂದಿನಿಂದ ಇವತ್ತಿಗೆ ಒಂಬತ್ತು ದಿನವಾಗಿತ್ತು. ಯಾರಾದರೂ ನೋಡುವ ಹಾಗೆ ಕಪಾಟಿನ ಮುಂದೆ ಹಳದಿ ದೀಪವೊಂದು, ಇಬ್ಬರೂ ಮಾತಾಡುತ್ತಿಲ್ಲ ಎಂದು ಸಾರುತ್ತ ಉರಿಯುತ್ತಿತ್ತು. ಅದರ ಮೇಲೆ ಅವನು ಕಪ್ಪು ಟೇಪಿನ ಚೂರು ಅಂಟಿಸಿದ್ದ. ಆ ಟೇಪು ಕತ್ತರಿಸಿದ್ದು ಮಾತ್ರ ಅವನನ್ನು ಮಲಗಲು ಬಿಡುತ್ತಿರಲಿಲ್ಲ. ಗೀಟು ಎಳೆದದ್ದು ಅವಸರ ಎನ್ನಬಹುದು. ಕತ್ತರಿ ಹಿಡಿದು ಅಳತೆ ನೋಡಿ ಕತ್ತರಿಸಿದ್ದನ್ನು ಏನೆನ್ನುವುದು?

ಮನೆಯಲ್ಲೂ ಅದೇ ವಾರ. ರಾತ್ರಿಯೂಟಕ್ಕೆ ಮುಂಚೆ ಅಕ್ಕ ತಂಗಿ ಮೇಜಿನ ಹತ್ತಿರ ಕೂತು, ಹೊಲಿಗೆ ಡಬ್ಬಿ ಮೇಲಿನ ಖಾನೆಗೆ ಹೋಯ್ತು, ಆಯ್ತು; ವಿದ್ಯುತ್ ಬಿಲ್ಲು ಕ್ಯಾಲೆಂಡರಿನ ಹಿಂದಿದೆ, ಆಯ್ತು, ಎಂದು ಶುರು ಮಾಡಿದ್ದರು. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಸಾಕು ಮಾಡ್ರಮ್ಮ ನಿಮ್ಮ ಪುರಾಣ, ದಿನಾ ಅದೇ," ಎಂದು ಗದರಿದ್ದ. ಇಬ್ಬರೂ ಸುಮ್ಮನಾದರು. ಮಾರನೆಯ ದಿನದಿಂದ ಆ ಹೊತ್ತಿಗೆ ಮನೆ ಮೌನ. ಬಚ್ಚಲಲ್ಲಿ ನಲ್ಲಿ ಮಾತ್ರ ಹತ್ತು ನಿಮಿಷ ಸುರಿಯುತ್ತಿತ್ತು. ನೀರು ದಂಡವಾಗುತ್ತದೆ ಎಂದು ಅನ್ನಿಸಿದರೂ ಹೇಳುವ ಧೈರ್ಯ ಆಗಿರಲಿಲ್ಲ.

ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಫೋನು ಕುಂಯ್ ಎಂದಿತು. ಹೆಸರಿಲ್ಲದ ಒಂದು ನಂಬರು. "ತಂಗಿ ಹೋದ್ಲು." ಅಷ್ಟೇ. ಅವನು ಎರಡನೇ ಸಲ ಓದಲಿಲ್ಲ. ಎದ್ದ, ಚೀಲ ಕೆಳಗೆ ಬಿತ್ತು, ಎತ್ತಿಕೊಂಡು ಓಡಿದ. ಓಡುತ್ತಲೇ ತಲೆಯೊಳಗೆ ಲೆಕ್ಕ ನಡೆದಿತ್ತು. ತಂಗಿ ಹೊಸ ಸುದ್ದಿಯನ್ನೆಲ್ಲ ಮೊದಲು ತಲೆಯಲ್ಲಿಟ್ಟುಕೊಂಡು, ಪುರುಸೊತ್ತಾದಾಗ ಡಿಸ್ಕಿಗೆ ಬರೆಯುತ್ತಾಳೆ. ಬೆಳಿಗ್ಗೆ ಎಂಟರಿಂದ ಹತ್ತು ಸ್ಕ್ಯಾನಿಂಗಿನ ಜಂಗುಳಿಯ ಹೊತ್ತು. ಬರೆಯದೆ ಉಳಿದದ್ದು ನೂರಾರು ಇರಬಹುದು. ಅಕ್ಕನಿಗೆ ಅದರಲ್ಲಿ ಒಂದೂ ಗೊತ್ತಿಲ್ಲ. ನೂರು ಹೋದರೆ ನೂರೇ ಅಲ್ಲ. ಪಟ್ಟಿಯ ಒಂದು ಹಾಳೆ ಸುಳ್ಳಾದರೆ ಅದರ ಕೆಳಗಿನ ಹಾಳೆಗಳನ್ನೂ ನಂಬುವ ಹಾಗಿಲ್ಲ. ಅರ್ಧ ಉಗ್ರಾಣವನ್ನು ಮುಚ್ಚಿ ಒಂದೊಂದಾಗಿ ತಾಳೆ ನೋಡಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ಯಾವನೋ ಒಬ್ಬ ಮೇಜಿನ ಮೇಲೆ ಮಲಗಿರುತ್ತಾನೆ, ಡಾಕ್ಟರು ಚಿತ್ರ ಕೇಳುತ್ತಾರೆ, ಪರದೆ ಕಪ್ಪಾಗಿರುತ್ತದೆ. ಆ ಕಪ್ಪು ಪರದೆ ಅವನಿಗೆ ಟೇಪಿನ ಚೂರಿನ ಅಳತೆಯಲ್ಲೇ ಕಂಡಿತು. ರಸ್ತೆ ದಾಟುವಾಗ ಆಟೋದವನು ಏನೋ ಬೈದ. ಬೈದದ್ದು ಸರಿ ಎನ್ನಿಸಿತು.

ಲಿಫ್ಟು ಮೇಲೆಲ್ಲೋ ಇತ್ತು. ಮೆಟ್ಟಿಲು ಹತ್ತಿದ. ಎರಡನೇ ಮಹಡಿಯ ತಿರುವಿನಲ್ಲಿ ಮೇಡಂ ಫೈಲು ಹಿಡಿದು ಇಳಿದು ಬರುತ್ತಿದ್ದರು. ಅವನು ಕಂಬಿ ಹಿಡಿದು ನಿಂತ. ಉಸಿರು ಸಿಗಲಿಲ್ಲ.

"ಮೇಡಂ, ತಂಗಿ ಹೋದ್ಲು."

ಮೇಡಂ ಮುಖ ಮೃದುವಾಯಿತು. "ಹತ್ತಿಸಿ ಬಂದ್ರಾ? ಬೇಜಾರಾಗುತ್ತೆ ನಿಜ. ಆದ್ರೆ ಹೋಗೋರು ಹೋಗ್ಲೇಬೇಕಲ್ಲ. ರಜೆಗೆ ಬರ್ತಾರೆ ಬಿಡಿ."

"ಬರಲ್ಲ ಮೇಡಂ. ತಲೇಲಿದ್ದಿದ್ದೆಲ್ಲ ತಗೊಂಡೇ ಹೋದ್ಲು. ಅಕ್ಕಂಗೆ ಒಂದು ಮಾತೂ ಹೇಳಿಲ್ಲ."

"ಅಯ್ಯೋ, ಅಕ್ಕ ತಂಗಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ..."

"ಅವರದ್ದೇನೂ ತಪ್ಪಿಲ್ಲ. ಮಾತು ಬಿಡಿಸಿದ್ದು ನಾನು," ಎಂದ. ಕಣ್ಣಲ್ಲಿ ನೀರು ಬಂದಿತ್ತು. "ಒಂಬತ್ತು ದಿನ ಆಯ್ತು. ನೀವು ಚಪ್ಪಾಳೆ ತಟ್ಟಿಸಿದ್ರಲ್ಲ, ಆ ಆಸೆಗೆ ಮತ್ತೆ ಮಾತಾಡಿಸ್ಲಿಲ್ಲ."

ಮೇಡಂ ಫೈಲನ್ನು ಎದೆಗೆ ಒತ್ತಿಕೊಂಡು ಅವನನ್ನೇ ನೋಡಿದರು. ಸಂಸಾರದ ಗುಟ್ಟನ್ನು ಮೆಟ್ಟಿಲ ಮೇಲೆ ಕೇಳಿಸಿಕೊಳ್ಳಬೇಕಾಗಿ ಬಂದ ಸಂಕೋಚ ಅವರ ಮುಖದಲ್ಲಿತ್ತು. "ನಾನು ಚಪ್ಪಾಳೆ ತಟ್ಟಿಸಿದ್ದಕ್ಕೂ ನಿಮ್ಮನೆ ಹೆಂಗಸರಿಗೂ ಏನು ಸಂಬಂಧ ಇವರೇ?"

"ಮನೆ ತಂಗಿ ಅಲ್ಲ ಮೇಡಂ. ಮೂರನೇ ಮಹಡಿ ತಂಗಿ."

ಸಂಕೋಚ ಹೋಯಿತು. ಅದರ ಜಾಗಕ್ಕೆ ಬಂದದ್ದನ್ನು ಅವನು ನೋಡಲಿಲ್ಲ, ಮೆಟ್ಟಿಲು ನೋಡಿದ. ಎಲ್ಲವನ್ನೂ ಅಲ್ಲೇ ಹೇಳಿದ: ಗೀಟು, ಸಾಗಣೆ, ನಾಳೆ ನಾಳೆ ಎಂದದ್ದು, ಟೇಪು. ಟೇಪಿನ ವಿಷಯ ಹೇಳುವಾಗ ದನಿ ಇಳಿದು ಅವರು, "ಏನಂದ್ರಿ?" ಎಂದು ಕೇಳಿದರು, ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಾಯಿತು. ಮೇಲಿನಿಂದ ಇಳಿಯುತ್ತಿದ್ದ ನರ್ಸುಗಳಿಬ್ಬರು ಗೋಡೆಗೆ ಸರಿದು ದಾಟಿಹೋದರು. ಮೇಡಂ ತಿರುಗಿ ಮೇಲೆ ಹತ್ತತೊಡಗಿದರು. ಅವನು ಹಿಂದೆ. ಇಪ್ಪತ್ತೇಳು ವರ್ಷ ನೆನಪಾಗಲಿಲ್ಲ, ನೌಕರಿ ಹೋದರೆ ಏನು ಎಂಬುದೂ ಹೊಳೆಯಲಿಲ್ಲ. ಅವರ ಚಪ್ಪಲಿಯ ಹಿಮ್ಮಡಿ ಒಂದು ಕಡೆ ಸವೆದದ್ದು ಕಾಣುತ್ತಿತ್ತು. ಜೊತೆಗೆ ಒಂದು ವಿಚಿತ್ರ ನೆಮ್ಮದಿ, ಹೇಳಿಕೊಳ್ಳಲೂ ನಾಚಿಕೆಯಾಗುವಂಥದ್ದು: ಇನ್ನು ಇವರಿಗೂ ಗೊತ್ತು.

ಯಂತ್ರದ ಕೋಣೆಯ ಹೊರಗಿನ ಮೇಜಿನಲ್ಲಿ ಗುಂಡು ಕಾಲು ಚಾಚಿ ಚಹಾ ಕುಡಿಯುತ್ತಿದ್ದ. ಮೇಡಂ ಕಂಡು ಕಾಲು ಎಳೆದುಕೊಂಡ.

"ಏನ್ರೀ ಇಷ್ಟು ಆರಾಮಾಗಿದೀರ? ತಂಗಿ ಹೋದ್ಲಂತೆ!"

"ಯಾವ ತಂಗಿ ಮೇಡಂ?"

ಮೂವರೂ ಒಳಗೆ ಹೋದರು. ಥಂಡಿ, ಗಾಳಿಯ ಸದ್ದು. ಅಕ್ಕನ ಮೇಲೆ ಹಸಿರು ದೀಪ. ತಂಗಿಯ ಮೇಲೆ ಹಸಿರು ದೀಪ. ಡಿಸ್ಕುಗಳ ಪುಟ್ಟ ದೀಪಗಳು ಮಿನುಗುತ್ತಿದ್ದವು, ಎಂದಿನ ಹಾಗೆ, ಅವನನ್ನು ಕ್ಯಾರೇ ಅನ್ನದೆ. ಅವನು ಹತ್ತಿರ ಹೋಗಿ ತಂಗಿಯ ಕಬ್ಬಿಣದ ಮೈ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. "ಗುಂಡುಕಲ್ಲಿನ ಹಾಗಿದಾಳೆ ಸಾರ್, ಇವಳಿಗೇನಾಗಿದೆ?" ಎಂದ ಗುಂಡು. ಅವನು ನೆಲದ ಮೇಲೆ, ವೈರುಗಳ ಪಕ್ಕ ಕೂತುಬಿಟ್ಟ. ಏನೂ ಆಗಿಲ್ಲ, ಏನೂ ಆಗಿಲ್ಲ, ಎಂದು ಒಳಗೆ ಯಾರೋ ಹೇಳುತ್ತಿದ್ದರು. ಅದು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಇನ್ನೊಂದಷ್ಟು ಹೊತ್ತು ಹೇಳಲಿ ಎನ್ನಿಸಿತು. ಆಮೇಲೆ ನಗು ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆಯಲ್ಲಾದರೂ ಯಾರೋ ಒಬ್ಬರು ಕಳ್ಳ ಅಂದಿರುತ್ತಾರೆ. ಇಲ್ಲಿ ಯಾರೂ ಏನೂ ಅಂದಿರಲೇ ಇಲ್ಲ.

"ಮತ್ತೆ ಮೆಸೇಜು ಕಳಿಸಿದ್ಯಾರು?" ಮೇಡಂ ಕೈ ಚಾಚಿದರು. ಅವನು ಫೋನು ಕೊಟ್ಟ. ಗುಂಡು ಕತ್ತು ಉದ್ದ ಮಾಡಿ ನೋಡಿ, "ನನ್ನ ನಂಬರಲ್ಲ ಇದು," ಎಂದ. ಮೇಡಂ ಆ ಎರಡು ಪದಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ದನಿ ಬದಲಾಯಿತು.

"ನಿಮ್ಮ ತಂಗಿ ಬಸ್ಸು ಎಷ್ಟೊತ್ತಿಗೆ?"

"ಹತ್ತಕ್ಕೆ."

"ನೀವು ಹತ್ತಿಸಕ್ಕೆ ಹೋಗಿದ್ರಿ ಅಂದ್ಕೊಂಡಿದ್ದೆ."

ಅವನು ಫೋನು ವಾಪಸು ಈಸಿಕೊಂಡು ಆ ನಂಬರು ನೋಡಿದ. ಅಕ್ಕ. ಅಕ್ಕ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತು, ಬಸ್ಸು ತಿರುವು ದಾಟಿದ ಮೇಲೆ, ಕನ್ನಡಕ ಹುಡುಕಿಕೊಂಡು ಒಂದೊಂದೇ ಅಕ್ಷರ ಒತ್ತಿದ್ದಾಳೆ. ಹೋದಳು ಎನ್ನಬಾರದು, ಹೋಗಿ ಬರುತ್ತಾಳೆ ಎನ್ನಬೇಕು ಎಂದು ಚಿಕ್ಕಂದಿನಲ್ಲಿ ಇಬ್ಬರಿಗೂ ತಲೆಗೆ ಮೊಟಕಿ ಕಲಿಸಿದವಳು, ಇವತ್ತು ಹೋದ್ಲು ಎಂದೇ ಬರೆದಿದ್ದಾಳೆ. ಒಡಹುಟ್ಟಿದವಳು ಹೋದಳು ಎಂದು ಸುದ್ದಿ ಬಂದರೆ ಅವನ ಮನಸ್ಸು ಓಡಿದ್ದು ಕಬ್ಬಿಣದ ತಂಗಿಯ ಹತ್ತಿರ. ಒಂದು ಗಳಿಗೆ, ಅರೆಗಳಿಗೆಯಾದರೂ ಅವಳ ಮುಖ ಬಂದಿತ್ತೇ ಎಂದು ತಡಕಿದ. ಬಂದಿರಲಿಲ್ಲ. ಬೆಳಗಿನಿಂದ ಬೆಂಚಿನ ಮೇಲೆ ಅವಳನ್ನೇ ನೆನೆಯುತ್ತ ಕೂತಿದ್ದವನಿಗೆ, ಬರಬೇಕಾದ ಹೊತ್ತಿನಲ್ಲಿ ಬಂದಿರಲಿಲ್ಲ.

"ಮೊದಲು ಇದು ಮುಗಿಸಿ," ಎಂದರು ಮೇಡಂ. "ಆಮೇಲೆ ಅದು."

ಅವನು ಎದ್ದು ಟೇಪಿನ ಮೂಲೆಗೆ ಉಗುರು ಹಾಕಿ ಕಿತ್ತ. ಹಳದಿ ದೀಪ ನಾಚಿಕೆಯಿಲ್ಲದೆ ಉರಿಯುತ್ತಿತ್ತು. ಗುಂಡು ಅದನ್ನು ನೋಡಿದ, ಅವನನ್ನು ನೋಡಿದ, ಆಮೇಲೆ ಬಹಳ ಸಭ್ಯನಾಗಿ ಚಾವಣಿ ನೋಡಿದ. ಪರದೆಯ ಮುಂದೆ ಕೂತು ಅವನು ಆ ಗೀಟನ್ನು ಹಿಂದಕ್ಕೆ ಎಳೆದ. ಒಮ್ಮೆಗೇ ಆಗುವ ಕೆಲಸವಲ್ಲ. ಒಂಬತ್ತು ದಿನ ಮಾತು ಬಿಟ್ಟವರು ಮೊದಲು ತಮ್ಮ ತಮ್ಮ ತಲೆಯಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ಮುಗಿಸಬೇಕು, ಆಮೇಲೆ ಒಬ್ಬರ ಪಟ್ಟಿ ಒಬ್ಬರು ತಾಳೆ ನೋಡಬೇಕು, ಆಮೇಲಷ್ಟೇ ಮಾತು. ಏಳು ನಿಮಿಷ ಎಂದಿತು ಪರದೆ. ಹೋಗುವುದಿದ್ದರೆ ತಂಗಿ ಈ ಏಳು ನಿಮಿಷದಲ್ಲೇ ಹೋಗುತ್ತಾಳೆ ಎಂದು ಅವನಿಗೆ ಖಚಿತವಾಗಿತ್ತು. ಅವನ ಹಣೆಬರಹ ಅಂಥದ್ದು. ಆರು. ಐದು. ಮೇಡಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ನಿಧಾನ ಆಗುತ್ತೆ ಅನ್ನೋ ಭಯ ತಾನೆ? ನನ್ನ ಕೇಳ್ಬಾರದಿತ್ತಾ? ಚಿತ್ರ ಪೂರ್ತಿ ಯಾಕೆ ತೋರಿಸ್ಕೋಬೇಕು ಅವರು? ಸಾಗಿಸಿದ ಚಿತ್ರ ಕೆಟ್ರೆ ಹಳೇ ಯಂತ್ರದಲ್ಲಿ ಇದ್ದೇ ಇದೆ, ಹೊಸದು ಸ್ಕ್ಯಾನಿಂಗ್ ಯಂತ್ರದಲ್ಲಿ ಸ್ವಲ್ಪ ದಿನ ಇರುತ್ತೆ. ಎಲ್ಲಿಟ್ಟೆ ಅನ್ನೋದಷ್ಟೇ ಹೇಳ್ಕೊಳ್ಳಲಿ. ಅದೂ ಒಂದೊಂದಕ್ಕೂ ಕೂಗಿ ಕರಿಯೋದು ಬೇಡ. ಇಪ್ಪತ್ತು ಸುದ್ದಿ ಒಟ್ಟು ಹಾಕಿ ಒಂದೇ ಸಲ ಹೇಳ್ಲಿ, ಒಂದೇ ಸಲ ಆಯ್ತು ಅನ್ಲಿ. ಚೂರು ನಿಧಾನ ಆಗುತ್ತೆ. ಆಗ್ಲಿ."

ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಕೈಪಿಡಿಯಲ್ಲಿ ಅದು ಇತ್ತು, ಅವನು ಓದಿಯೂ ಇದ್ದ. ಆದರೆ ಅವನಿಗೆ ಕಂಡದ್ದು ಕೈಪಿಡಿಯಲ್ಲ, ಮನೆಯ ಮೇಜು. ತಂಗಿ ಒಂದು ದಿನವಾದರೂ ಹೊಲಿಗೆ ಡಬ್ಬಿಯನ್ನು ಹೊತ್ತು ತಂದು ಅಕ್ಕನಿಗೆ ತೋರಿಸಿದ್ದುಂಟೇ? ಎಲ್ಲಿದೆ ಎಂದಷ್ಟೇ ಹೇಳುತ್ತಿದ್ದಳು. ಇಟ್ಟಾಗಲೆಲ್ಲ ಓಡಿ ಬರುತ್ತಿದ್ದಳೇ? ದಿನದ್ದೆಲ್ಲ ಒಟ್ಟು ಮಾಡಿ ಸಂಜೆ ಒಂದು ಸಲ ಹೇಳುತ್ತಿದ್ದಳು. ಹತ್ತು ನಿಮಿಷದ ಕೆಲಸ. ಮಂಡಳಿಯ ಮುಂದೆ ಅದನ್ನೇ ಹೊಗಳಿ ಯಂತ್ರ ಕೊಡಿಸಿದವನು, ಮನೆಗೆ ಬಂದು ಅದನ್ನೇ ಪುರಾಣ ಎಂದಿದ್ದ.

ಎರಡು. ಒಂದು. ಹಳದಿ ದೀಪ ಆರಿತು. ಒಂದು ಕ್ಷಣ ಅಲ್ಲಿ ಏನೂ ಇರಲಿಲ್ಲ. ಆಮೇಲೆ ಹಸಿರು. "ಮಾತಾಡ್ತಿದಾರೆ ಸಾರ್," ಎಂದ ಗುಂಡು, ಮದುವೆ ಸಂಬಂಧ ಕುದುರಿಸಿದವನ ಧಾಟಿಯಲ್ಲಿ. ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಒಂಬತ್ತು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು, ಎಷ್ಟು ಸುಲಭವಾಗಿ ಎಂದರೆ ಅದು ಇಷ್ಟು ದಿನ ಯಾಕೆ ಕೂತಿತ್ತು ಎಂದೇ ಅರ್ಥವಾಗಲಿಲ್ಲ. ಹಸಿವಾಯಿತು.

ಮೇಡಂ ಒಂದು ಬಿಳಿ ಹಾಳೆ ಅವನ ಮುಂದಿಟ್ಟರು. "ನಡೆದಿದ್ದೆಲ್ಲ ಬರೆದು ಕೊಡಿ. ತಾರೀಖು ಸಮೇತ. ನಾನು ಮೇಲಿನವರಿಗೆ ಹೇಳ್ಲೇಬೇಕು, ಹೇಳ್ತೀನಿ. ನೀವಾಗಿ ಬಂದು ಹೇಳಿದ್ರಿ ಅನ್ನೋದನ್ನೂ ಹೇಳ್ತೀನಿ." ಬಾಗಿಲವರೆಗೆ ಹೋಗಿ ತಿರುಗಿದರು. "ಆ ಟೇಪಿನ ಚೂರು ಬಿಸಾಡ್ಬೇಡಿ. ನನ್ನ ಟೇಬಲ್ ಮೇಲಿಡಿ." ಅವನ ಕಿವಿ ಬಿಸಿಯಾಯಿತು. ಟೇಪು ಇನ್ನೂ ಅವನ ಹೆಬ್ಬೆರಳಿಗೆ ಅಂಟಿಕೊಂಡೇ ಇತ್ತು.

ಹಾಳೆ, ಪೆನ್ನು ಹಿಡಿದು ಕಾರಿಡಾರಿಗೆ ಬಂದ. ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು, ಆ ಹೆಸರಿಲ್ಲದ ನಂಬರಿಗೆ ಫೋನು ಮಾಡಿದ. ಕೆಳಗೆ ಪಾರ್ಕು, ಅವನ ಬೆಂಚು ಖಾಲಿ.

"ಅಕ್ಕ, ನಾನು."

"ಗೊತ್ತು ಕಣೋ. ನನ್ನ ಫೋನಲ್ಲಿ ನಿನ್ನ ಹೆಸರು ಬರುತ್ತೆ."

"ಅವಳ ನಂಬರ್ ಕೊಡು."

ಅಲ್ಲೆಲ್ಲೋ ಬಸ್ಸಿನ ಹಾರನ್ನು. "ಒಡಹುಟ್ಟಿದವಳ ನಂಬರ್ ಗೊತ್ತಿಲ್ವೇನೋ ನಿಂಗೆ? ಬರ್ಕೋ." ಬರೆದುಕೊಂಡ. "ಅಳ್ತಾ ಹೋಗಿಲ್ಲ," ಎಂದಳು ಅಕ್ಕ, ಅವನು ಕೇಳದೆಯೇ. "ಬಸ್‌ಸ್ಟ್ಯಾಂಡ್ ಬಾಗಿಲ ಕಡೆ ಎರಡು ಸಲ ತಿರುಗಿ ನೋಡಿದ್ಲು. ಅಷ್ಟೇ."

ತಂಗಿ ಮೂರನೇ ರಿಂಗಿಗೆ ಎತ್ತಿದಳು. ಹಿಂದೆ ಇಂಜಿನ್ನಿನ ಸದ್ದು.

"ಹೇಳು ಅಣ್ಣ. ಕೆಲಸ ಮುಗೀತಾ?"

"ಕೆಲಸ ಇರ್ಲಿಲ್ಲ," ಎಂದ. "ಪಾರ್ಕಲ್ಲಿ ಕೂತಿದ್ದೆ."

ಅವಳು, "ಬಿಸಿಲಿರ್ಲಿಲ್ವಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. 'ನೀನು ಹೋಗಬೇಡ ಅಂತಿತ್ತು' ಎಂದು ಹೇಳಬೇಕೆಂದಿದ್ದ. ಅವಳು ಹೋಗಬೇಕಾದದ್ದೇ, ಅದು ಅವನಿಗೂ ಗೊತ್ತಿತ್ತು. ಬಾಯಿಂದ ಬೇರೆಯೇ ಬಂತು.

"ಏನೇನು ಎಲ್ಲೆಲ್ಲಿಟ್ಟಿದೀಯ, ಹೇಳು."

"ಅಕ್ಕಂಗೆ ಎಲ್ಲ ಹೇಳಿದೀನಲ್ಲ."

"ಯಾವಾಗ? ನಾನು ಬೇಡ ಅಂದಿದ್ನಲ್ಲ."

ಅವಳು ನಕ್ಕಳು, ಬೆಳಗಿನಿಂದ ಅವನು ಕೇಳಿದ ಮೊದಲ ನಗು. "ನೀನು ಬೇಡ ಅಂದ್ರೆ ಬಿಡ್ತೀವಾ? ದಿನಾ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಹೇಳ್ಕೋತಿದ್ವಿ. ನೀರು ದಂಡ ಅಂತ ಅಕ್ಕ ಬಕೆಟ್ ಇಡ್ತಿದ್ಲು. ನಿನ್ನ ಫೋನು ಬಿದ್ದಿದ್ದು ಅದಕ್ಕೇ."

ಅವನೂ ನಕ್ಕ. ನಗುವಾಗ ಕಣ್ಣು ಒದ್ದೆಯಾದದ್ದನ್ನು ಯಾರೂ ನೋಡಲಿಲ್ಲ. ಅವನು ಗದರಿದ ಮನೆಯಲ್ಲಿ ಮಾತು ಒಂದು ದಿನವೂ ನಿಂತಿರಲಿಲ್ಲ. ಅಬ್ಬ, ಎಂದುಕೊಂಡ.

"ಆದ್ರೂ ನಂಗೂ ಹೇಳು," ಎಂದ.

"ಸರಿ. ನಿನ್ನ ಕನ್ನಡಕದ ಚೀಟಿ ಔಷಧಿ ಡಬ್ಬಿ ಮುಚ್ಚಳದೊಳಗಿದೆ."

"ಆಯ್ತು."

"ಫ್ಯೂಸ್ ವೈರು ಹೊಲಿಗೆ ಡಬ್ಬೀಲಿ. ದಾರದ ಉಂಡೆ ಕೆಳಗೆ."

"ಆಯ್ತು."

"ಬೀಗದ ಇನ್ನೊಂದು ಕೈ, ನಿಂಗೆ ಗೊತ್ತಿರೋ ಜಾಗದಲ್ಲಿಲ್ಲ. ಕನ್ನಡಿ ಹಿಂದೆ ಮೊಳೆಗಿದೆ. ಚಳಿ ಹೊದಿಕೆ ಅಟ್ಟದ ಮೇಲೆ, ನೀಲಿ ಚೀಲ. ಅಂಗಿ ಏಳು ಇಸ್ತ್ರಿ ಮಾಡಿಟ್ಟಿದೀನಿ, ಎಂಟನೇದು ನೀನೇ ಮಾಡ್ಕೋಬೇಕು."

ಮೇಡಂ ಕೊಟ್ಟ ಬಿಳಿ ಹಾಳೆಯ ಮೇಲೆ ಅವನು ಒಂದೊಂದಾಗಿ ಬರೆದುಕೊಂಡ. ತಪ್ಪೊಪ್ಪಿಗೆಗೆ ಇನ್ನೊಂದು ಹಾಳೆ ಕೇಳಬೇಕಾಗುತ್ತದೆ, ಕೇಳಿದರಾಯಿತು. ಬಸ್ಸು ಎಲ್ಲೋ ತಿರುಗಿದಂತೆ ಸದ್ದು ದೂರವಾಗಿ ಹತ್ತಿರ ಬಂತು.

"ಅಷ್ಟೇ," ಎಂದಳು ತಂಗಿ. "ಇನ್ನೇನಿಲ್ಲ."

"ಇದೆ," ಎಂದ ಅವನು. ಒಂದು ತಿಂಗಳಿಂದ ಮನೆಯಲ್ಲಿ ಆ ಮಾತೇ ಆಡುತ್ತಿದ್ದರೂ ಅವನು ಒಮ್ಮೆಯೂ ಕೇಳಿರಲಿಲ್ಲ. "ನೀನೆಲ್ಲಿರ್ತೀಯ?"

ಅವಳು ಅದನ್ನು ಚಿತ್ರ ಬಿಡಿಸುವವಳ ಹಾಗೆ, ನಿಧಾನವಾಗಿ, ಬರೆದುಕೊಳ್ಳಲು ಸಮಯ ಕೊಟ್ಟು ಹೇಳಿದಳು.

"ಶಾಲೆ ಹಿಂದಿನ ಬೀದಿ. ಕೆಂಪು ಗೇಟು. ಮೆಟ್ಟಿಲು ಹೊರಗಡೆಯಿಂದ. ಮೇಲೆ ಹತ್ತಿದ್ರೆ ಬಲಗಡೆ ಎರಡನೇ ಬಾಗ್ಲು."

"ಶಾಲೆ ಹಿಂದಿನ ಬೀದಿ," ಎಂದು ಅವನು ಬರೆಯುತ್ತ ತಿರುಗಿ ಹೇಳಿದ. "ಕೆಂಪು ಗೇಟು. ಮೆಟ್ಟಿಲು ಹೊರಗಡೆಯಿಂದ. ಬಲಗಡೆ ಎರಡನೇ ಬಾಗ್ಲು."

"ಹ್ಞೂಂ," ಎಂದಳು ಅವಳು. ಆಮೇಲೆ, "ಹೋಗಿ ಬರ್ತೀನಿ ಅಣ್ಣ."

"ಆಯ್ತು," ಎಂದ.